ಕೆಮ್ಮಿದ್ರೂ ಸೋರ್ತದೆ, ಸಂಜೆಯಾದ್ರೆ ಕೆಳಗೆ ಭಾರ: ಕುಮಟಾ-ಶಿರಸಿ ಕಡೆ ಇದನ್ನ ಸರಿಯಾಗಿ ನೋಡುವವರು ಯಾರಾದ್ರೂ ಇದ್ದಾರಾ?

ಕುಮಟಾ ಅಕ್ಕೋರು
ಹೆಸರು ಹಾಕದೆ ಬರೀತಿದ್ದೇನೆ. ವಯಸ್ಸು 43, ಎರಡು ಹೆರಿಗೆ, ಎರಡೂ ಸಹಜ. ಎರಡನೇಯವಳು ಹುಟ್ಟುವಾಗಲೇ 3.8 ಕೆ.ಜಿ. ಇದ್ದಳು. ಕೆಲಸ ಪ್ರಾಥಮಿಕ ಶಾಲೆಯಲ್ಲಿ.

ನಾಲ್ಕು ವರ್ಷದಿಂದ ಕೆಮ್ಮಿದ್ರೆ, ಸೀನಿದ್ರೆ, ಜೋರಾಗಿ ನಕ್ಕರೆ ಮೂತ್ರ ಸೋರ್ತದೆ. ಮೊದಲು ಎರಡು ಹನಿ ಇತ್ತು, ಈಗ ಪ್ಯಾಡ್ ಇಲ್ಲದೆ ಶಾಲೆಗೆ ಹೋಗೂಕೆ ಆಗೂದಿಲ್ಲ. ಬೆಳಿಗ್ಗೆ ಚಾ ಕುಡಿದ್ರೆ ಮತ್ತೆ ಮಧ್ಯಾಹ್ನ ಮನೆಗೆ ಬರುವ ತನಕ ಒಂದು ಲೋಟ ನೀರೂ ಕುಡಿಯೂದಿಲ್ಲ. ತಿಳಿ ಬಣ್ಣದ ಸೀರೆಗಳೆಲ್ಲ ಟ್ರಂಕಿನಲ್ಲಿವೆ. ಈ ವರ್ಷ ಇನ್ನೊಂದು ಶುರುವಾಗಿದೆ: ಸಂಜೆ ಆಗ್ತಿದ್ದ ಹಾಗೆ ಕೆಳಗೆ ಏನೋ ಇಳಿದು ಕೂತ ಹಾಗೆ ಭಾರ. ಸ್ನಾನ ಮಾಡುವಾಗ ಕೈಗೆ ಮೆತ್ತಗೆ ಉಂಡೆ ಹಾಗೆ ತಾಗ್ತದೆ. ಬೆಳಿಗ್ಗೆ ಎದ್ದಾಗ ಇರೂದಿಲ್ಲ.

ಒಂದು ಕಡೆ ತೋರಿಸಿದೆ. ಮೂರು ನಿಮಿಷ ಮಾತಾಡಿದ್ರು. ಮಲಗಿಸಿ ಪರೀಕ್ಷೆ ಸಹ ಮಾಡಲಿಲ್ಲ. "ಮಕ್ಕಳಾಯ್ತಲ್ಲ, ಗರ್ಭಕೋಶ ಇಟ್ಕೊಂಡು ಏನು ಮಾಡ್ತೀರಿ, ತೆಗೆಸಿಬಿಡಿ" ಅಂದ್ರು. ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತೆ. ಆಪರೇಷನ್ ಬಿಟ್ಟು ಬೇರೆ ದಾರಿ ಇದೆಯಾ? ನಮ್ಮ ಜಿಲ್ಲೆಯಲ್ಲೇ ಇದೆಯಾ?

ಗಂಗಾವಳಿ ದಡ
ಅಕ್ಕೋರೇ, ನಂಗೂ ಇದೇ. ಒಬ್ಬಳೇ ಅಂದ್ಕೊಂಡಿದ್ದೆ.

ಅಡಿಕೆ ಅಂಗಳ (ಶಿರಸಿ)
ನಂಗೂ. 36 ವರ್ಷ. ಸ್ಕಿಪ್ಪಿಂಗ್ ಬಿಟ್ಟು ಆರು ವರ್ಷ ಆಯ್ತು, ಮಗಳಿಗೆ "ಅಮ್ಮಂಗೆ ಮಂಡಿ ನೋವು" ಅಂತ ಸುಳ್ಳು ಹೇಳಿದ್ದೇನೆ.

ಹೊನ್ನಾವರ ಅಜ್ಜಿ
ಮಗಾ, ಇದು ಹೆಂಗಸರಿಗೆಲ್ಲ ಇದ್ದದ್ದೇ. ಹೆತ್ತ ಮೇಲೆ ಮೈ ಸಡಿಲ ಆಗ್ತದೆ. ನಮ್ಮ ಅಮ್ಮ, ದೊಡ್ಡಮ್ಮ ಎಲ್ಲರಿಗೂ ಇತ್ತು, ಯಾರೂ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ. ಬಟ್ಟೆ ಕಟ್ಟಿಕೊಂಡು ಗದ್ದೆಗೆ ಹೋಗ್ತಿದ್ರು. ಸುಮ್ಮನೆ ಹೆದರಬೇಡ.

ಫಿಸಿಯೋ ತಂಗಿ
ಅಜ್ಜಿ, ನಿಮ್ಮ ಮಾತಿಗೆ ಗೌರವ ಕೊಟ್ಟೇ ಹೇಳ್ತೇನೆ. ತುಂಬಾ ಜನರಿಗೆ ಇದೆ ಅನ್ನೂದು ನಿಜ. ಹಾಗಂತ ಸಹಿಸಿಕೊಳ್ಳಬೇಕು ಅನ್ನೂದು ಸುಳ್ಳು. ಹಲ್ಲುನೋವು ಎಲ್ಲರಿಗೂ ಬರ್ತದೆ, ಯಾರೂ ಸುಮ್ಮನೆ ಕೂತುಕೊಳ್ಳೂದಿಲ್ಲ.

ನಾನು ಫಿಸಿಯೋಥೆರಪಿಸ್ಟ್, ಊರು ಶಿರಸಿ ಹತ್ತಿರ, ಈಗ ಕೆಲಸ ಹುಬ್ಬಳ್ಳಿಯಲ್ಲಿ. ಅಕ್ಕೋರಿಗೆ ಇರೂದು ಎರಡು ಬೇರೆ ಬೇರೆ ತೊಂದರೆ ಇರಬಹುದು. ಮುಂದಿನ ಮೂಳೆಯಿಂದ ಹಿಂದೆ ಬಾಲದ ಮೂಳೆಯ ತನಕ ಜೋಲಿ ಕಟ್ಟಿದ ಹಾಗೆ ಸ್ನಾಯು ಇದೆ. ಮೂತ್ರಕೋಶ, ಗರ್ಭಕೋಶ, ಮಲದ್ವಾರದ ಮೇಲಿನ ಕರುಳು, ಎಲ್ಲದರ ಭಾರ ಅದರ ಮೇಲೆ. ಹೆರಿಗೆಯಲ್ಲಿ ಆ ಜೋಲಿ ಎಳೆದು ಸಡಿಲ ಆದ್ರೆ ಕೆಮ್ಮಿನ ಒತ್ತಡ ತಡೆಯೂಕೆ ಆಗೂದಿಲ್ಲ, ಸೋರ್ತದೆ. ಇದು ಒಂದು. ಅಂಗವೇ ಕೆಳಗೆ ಇಳಿಯೂದು ಇನ್ನೊಂದು. ಬೆಳಿಗ್ಗೆ ಇಲ್ಲದೆ ಸಂಜೆ ಕಾಣಿಸಿಕೊಳ್ಳೂದು ಅದರ ಗುರುತು, ಯಾಕಂದ್ರೆ ಮಲಗಿದಾಗ ಒಳಗೆ ಹೋಗ್ತದೆ. ಇಳಿದದ್ದು ಗರ್ಭಕೋಶವೇ ಆಗಬೇಕು ಅಂತ ಏನಿಲ್ಲ, ಎಷ್ಟೋ ಸಲ ಮೂತ್ರಕೋಶ ಮುಂದಿನ ಗೋಡೆಯನ್ನ ಒತ್ತಿಕೊಂಡು ಬಂದಿರ್ತದೆ. ಪರೀಕ್ಷೆ ಮಾಡದೆ "ತೆಗೆಸಿ" ಅಂದದ್ದು ತಪ್ಪು ಅನ್ನೂದು ಇದಕ್ಕೇ. ಏನು ಇಳಿದಿದೆ ಅಂತ ಕಣ್ಣಲ್ಲಿ ನೋಡಿ, ಕೆಮ್ಮಿಸಿ, ಎಷ್ಟನೇ ಹಂತ ಅಂತ ಹೇಳಬೇಕು. ನಾಲ್ಕು ಹಂತ ಇದೆ. ಮೊದಲ ಎರಡಕ್ಕೆ ವ್ಯಾಯಾಮವೇ ಮೊದಲ ಮದ್ದು.

ಗಂಗಾವಳಿ ದಡ
ನಂಗೆ ಕೆಮ್ಮಿದ್ರೆ ಏನೂ ಇಲ್ಲ. ಆದ್ರೆ ಬೀಗ ತೆಗೆಯುವಾಗ ತಡೆಯೂಕೆ ಆಗೂದಿಲ್ಲ, ಬಾಗಿಲಲ್ಲೇ ಆಗಿಹೋಗ್ತದೆ. ಅದೂ ಇದೇಯಾ?

ಫಿಸಿಯೋ ತಂಗಿ
ಅಲ್ಲ, ಅದು ಬೇರೆ. ಮೂತ್ರಕೋಶ ತುಂಬುವ ಮೊದಲೇ ಹಿಂಡಿಕೊಳ್ಳೂದು. ಅದಕ್ಕೆ ಹೋಗುವ ಹೊತ್ತನ್ನ ಸ್ವಲ್ಪ ಸ್ವಲ್ಪವೇ ಮುಂದೆ ಹಾಕಿ ಮೂತ್ರಕೋಶಕ್ಕೆ ರೂಢಿ ಮಾಡಿಸಬೇಕು, ಮಾತ್ರೆಯೂ ಇದೆ. ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಏನು ಕುಡಿದ್ರಿ, ಎಷ್ಟು ಗಂಟೆಗೆ ಹೋದ್ರಿ, ಯಾವಾಗ ಸೋರಿತು. ಡಾಕ್ಟರ ಮುಂದೆ ಅದನ್ನಿಟ್ಟರೆ ಮಾತು ಅಲ್ಲಿಂದಲೇ ಶುರುವಾಗ್ತದೆ. ಸಕ್ಕರೆ ಕಾಯಿಲೆ, ಮೂತ್ರದ ಸೋಂಕು ಎರಡನ್ನೂ ಪರೀಕ್ಷೆ ಮಾಡಿಸಿ.

ಮತ್ತೆ ಅಕ್ಕೋರೇ, ನೀರು ಬಿಡಬೇಡಿ. ನೀರು ಕಡಿಮೆಯಾದ್ರೆ ಮೂತ್ರ ಗಟ್ಟಿಯಾಗಿ ಇನ್ನೂ ಕೆರಳಿಸ್ತದೆ, ಮಲಬದ್ಧತೆ ಆಗ್ತದೆ. ಕಕ್ಕಸಿಗೆ ಮುಕ್ಕಿ ಮುಕ್ಕಿ (ತಿಣುಕಿ) ಹೋಗೂದೇ ಆ ಜೋಲಿಗೆ ದೊಡ್ಡ ಏಟು.

ಸೀಮೆ ಸೊಸೆ
ಶಿರಸಿ ಘಟ್ಟದ ಮೇಲೆ ನಮ್ಮ ಮನೆ. ಅತ್ತೆಗೆ 66. ಅವರದ್ದೊಂದು ಮಾತು ಇಲ್ಲಿ ಹೇಳಲೇಬೇಕು ಅನ್ನಿಸ್ತು. ಹೋದ ಮಳೆಗಾಲ ನಾಟಿ ಮುಗಿಸಿ ಬಂದು ಕಾಲು ತೊಳೀತಾ, "ಮಳೆಗಾಲನೇ ಚೊಲೋ, ಗದ್ದೆ ನೀರಲ್ಲಿ ನಿಂತ್ರೆ ಎಂತದೂ ಗೊತ್ತಾಗ್ತಿಲ್ಲೆ" ಅಂತ ಹೇಳಿತ್ತು. ನಾನು ಕೆಸರಿನ ಮಾತು ಅಂದ್ಕೊಂಡೆ. ಈಗ ಇದನ್ನೆಲ್ಲ ಓದಿದ ಮೇಲೆ ಗೊತ್ತಾಯ್ತು ಯಾವುದು ಗೊತ್ತಾಗೂದಿಲ್ಲ ಅಂತ. ಬೇಸಿಗೆಯಲ್ಲಿ ಯಾವ ಮದುವೆ ಉಪನಯನಕ್ಕೂ ಅವರು ಬರೂದಿಲ್ಲ. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದೇನೆ, ಒಂದು ದಿನ ಕೇಳಲಿಲ್ಲ.

ಅಡಿಕೆ ಅಂಗಳ (ಶಿರಸಿ)
ಓದಿ ಕಣ್ಣು ತುಂಬಿ ಬಂತು.

ಬೈತಖೋಲ್
ಇದನ್ನೆಲ್ಲ ಎಲ್ಲರೂ ಓದುವ ಕಡೆ ಬರೀಬೇಕಾ? ಹೆಂಗಸರದ್ದೇ ಬೇರೆ ಗುಂಪು ಮಾಡಿಕೊಳ್ಳಬಹುದಲ್ಲ.

ಆಶಾ ಕಾರ್ಯಕರ್ತೆ (ಅಂಕೋಲಾ)
ಇಲ್ಲೇ ಬರೀಬೇಕು ಅಣ್ಣಾ. ಬೇರೆ ಗುಂಪಿನಲ್ಲಿ ಬರೆದ್ರೆ ನಿಮ್ಮಂಥವರು ಓದೂದು ಯಾವಾಗ? ಆಸ್ಪತ್ರೆಗೆ ಹೋಗೂಕೆ ದುಡ್ಡು ಕೊಡೂದು, ಬೈಕಿನಲ್ಲಿ ಕೂರಿಸಿಕೊಂಡು ಹೋಗೂದು ಗಂಡಸರೇ. ವಿಷಯ ಗೊತ್ತಿಲ್ಲದಿದ್ರೆ "ಏನಾಗಿದೆ ನಿಂಗೆ, ಚೆನ್ನಾಗೇ ಇದ್ದೀಯಲ್ಲ" ಅನ್ನೂದೂ ಅವರೇ.

ನನ್ನ ಕೆಲಸದ ಮಾತು ಹೇಳ್ತೇನೆ. ಆಸ್ಪತ್ರೆಯಲ್ಲಿ ಹೆರಿಗೆಯಾದ್ರೆ 3, 7, 14, 21, 28, 42ನೇ ದಿನ ಮನೆಗೆ ಹೋಗ್ತೇನೆ. ಮಗುವಿನ ತೂಕ, ಜ್ವರ, ಹೊಕ್ಕುಳು, ಹಾಲು ಎಲ್ಲ ನೋಡ್ತೇನೆ. ತಾಯಿಗೆ ಜ್ವರ, ರಕ್ತಸ್ರಾವ ಕೇಳ್ತೇನೆ. "ಮೂತ್ರ ಹಿಡಿತದಲ್ಲಿ ಇದೆಯಾ, ಕೆಳಗೆ ಭಾರ ಇದೆಯಾ" ಅಂತ ಕೇಳುವ ಸಾಲು ನನ್ನ ಹಾಳೆಯಲ್ಲಿ ಇಲ್ಲ. 42 ದಿನ ಆದ ಮೇಲೆ ಲಸಿಕೆಗೆ ಮಗು ಬರ್ತದೆ, ತಾಯಿ ಮಗುವನ್ನ ಎತ್ತಿಕೊಂಡು ಬರುವವಳು ಅಷ್ಟೇ. 30 ದಾಟಿದವರಿಗೆ ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆ. ಆ ಫಾರಂನಲ್ಲೂ ಸೋರಿಕೆಯ ಪ್ರಶ್ನೆ ಇಲ್ಲ. ಹಾಳೆಯಲ್ಲಿ ಇಲ್ಲದ್ದನ್ನ ನಾನೇ ಕೇಳೂಕೆ ಶುರು ಮಾಡಿದ್ದು ಎರಡು ವರ್ಷದ ಹಿಂದೆ, ನನಗೇ ಆದ ಮೇಲೆ. ಕೇಳಿದ್ರೆ ಸಾಕು, ಹೇಳ್ತಾರೆ. ಒಬ್ಬರು ಹೇಳಿದ್ರು, "ಇಪ್ಪತ್ತು ವರ್ಷ ಆಯ್ತು, ಕೇಳಿದ್ದು ನೀನೇ ಮೊದಲು."

ಬೈತಖೋಲ್
ತಪ್ಪಾಯ್ತು ಅಕ್ಕಾ. ನಮ್ಮ ಅಮ್ಮ ಮೀನು ಮಾರ್ತಾರೆ. ಬುಟ್ಟಿ ಹೊತ್ತು ಮನೆ ಮನೆ ಹೋಗೂದು, ಬೆಳಿಗ್ಗೆ ಐದಕ್ಕೆ ಹೊರಟರೆ ಮಧ್ಯಾಹ್ನ ಒಂದು. ಬುಟ್ಟಿ ಎತ್ತುವಾಗ ಒಂದು ಕೈ ಸೊಂಟದ ಕೆಳಗೆ ಒತ್ತಿ ಹಿಡ್ಕೊಂಡೇ ಎತ್ತೂದು ನೋಡಿದ್ದೇನೆ. ಸೊಂಟ ನೋವು ಅಂತ ಹೇಳ್ತಿದ್ರು. ಈಗ ಅನುಮಾನ ಬರ್ತಿದೆ. ನಾನು ಹೇಗೆ ಕೇಳಲಿ?

ಆಶಾ ಕಾರ್ಯಕರ್ತೆ (ಅಂಕೋಲಾ)
ಅಕ್ಕ ತಂಗಿ ಇದ್ರೆ ಅವರ ಹತ್ತಿರ ಕೇಳಿಸಿ. ಇಲ್ಲದಿದ್ರೆ ನಿಮ್ಮ ವಾರ್ಡಿನ ಆಶಾಗೆ ಹೇಳಿ. ಕೇಳಿದ ಮೇಲೆ ಬುಟ್ಟಿ ಎತ್ತಿ ಕೊಡೂಕೆ ನೀವಿರಿ.

ಹೊನ್ನಾವರ ಅಜ್ಜಿ
ಹಿಂದೆ ನಲವತ್ತು ದಿನ ಬಾಣಂತನ ಇತ್ತು. ಎಣ್ಣೆ ನೀರು, ಹೊಟ್ಟೆಗೆ ಬಿಗಿಯಾಗಿ ಬಟ್ಟೆ, ಕಾಳುಮೆಣಸಿನ ಸಾರು. ಈಗಿನವರು ಹದಿನೈದು ದಿನಕ್ಕೆ ಎದ್ದು ಓಡಾಡ್ತಾರೆ, ಅದಕ್ಕೇ ಹೀಗೆ.

ಫಿಸಿಯೋ ತಂಗಿ
ವಿಶ್ರಾಂತಿ ವಿಷಯದಲ್ಲಿ ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ಹೆತ್ತ ಕೂಡಲೇ ಕೊಡಪಾನ, ಸೊಪ್ಪಿನ ಹೊರೆ ಎತ್ತಬಾರದು. ಆದ್ರೆ ಹೊಟ್ಟೆಯ ಬಟ್ಟೆ ಉಸಿರು ಕಟ್ಟುವಷ್ಟು ಬಿಗಿದ್ರೆ ಒಳಗಿನ ಒತ್ತಡ ಎಲ್ಲ ಕೆಳಗೇ ಹೋಗ್ತದೆ. ಬೆನ್ನಿಗೆ ಆಸರೆ ಆಗುವಷ್ಟು ಸಡಿಲ ಇರಲಿ.

ಹೊನ್ನಾವರ ಅಜ್ಜಿ
ನಲವತ್ತು ದಿನ ಎಲ್ಲರಿಗೂ ಸಿಗ್ತಿರಲಿಲ್ಲ, ಅದೂ ಹೌದು. ನಮ್ಮ ಕೆಲಸಕ್ಕೆ ಬರ್ತಿದ್ದವಳು ಹನ್ನೆರಡನೇ ದಿನಕ್ಕೆ ಸೊಪ್ಪು ಹೊತ್ತಿದ್ದು ನೆನಪಿದೆ. ಬೇಡ ಅಂತ ನಾನೂ ಹೇಳಲಿಲ್ಲ.

ಕದ್ರಾ ಕ್ಯಾಂಪ್
ವ್ಯಾಯಾಮ ಹೇಗೆ ಅಂತ ಯಾರಾದ್ರೂ ಕನ್ನಡದಲ್ಲಿ ಬರೀರಿ. ವಿಡಿಯೋ ಎಲ್ಲ ಇಂಗ್ಲಿಷ್.

ಫಿಸಿಯೋ ತಂಗಿ
ಬರೀತೇನೆ. ಆರ್ನಾಲ್ಡ್ ಕೆಗಲ್ ಅನ್ನುವ ಅಮೆರಿಕದ ಸ್ತ್ರೀರೋಗ ತಜ್ಞರು 1948ರಲ್ಲಿ ಪ್ರಕಟಿಸಿದ್ದು, ಅದಕ್ಕೇ ಕೆಗಲ್ ಅಂತ ಹೆಸರು.

ಮೊದಲು ಮೊಣಕಾಲು ಮಡಚಿ ಮಲಗಿ. ನೆಂಟರ ನಡುವೆ ಕೂತಾಗ ಗಾಳಿ ಹೋಗದ ಹಾಗೆ ಬಿಗಿ ಹಿಡಿತೇವಲ್ಲ, ಅದೇ ಬಿಗಿ. ಹಿಂದಿನಿಂದ ಮುಂದಕ್ಕೆ, ಮೂತ್ರದ ದಾರಿಯ ತನಕ, ಒಳಗೆ ಮೇಲಕ್ಕೆ ಎಳೆದುಕೊಂಡ ಹಾಗೆ. ಕುಂಡೆ ಬಿಗಿ ಆಗಬಾರದು, ತೊಡೆ ಒತ್ತಬಾರದು, ಉಸಿರು ನಿಲ್ಲಬಾರದು. ಮಾಡ್ತಾ ಒಂದರಿಂದ ಐದು ಜೋರಾಗಿ ಎಣಿಸಿ. ಎಣಿಸೂಕೆ ಆದ್ರೆ ಉಸಿರು ನಡೀತಿದೆ ಅಂತ ಅರ್ಥ. ಆಮೇಲೆ ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಸಡಿಲ ಬಿಡೂದೂ ವ್ಯಾಯಾಮವೇ. ಒಂದು ಸಲಕ್ಕೆ 8, ದಿನಕ್ಕೆ ಮೂರು ಹೊತ್ತು, ಕಡಿಮೆ ಅಂದ್ರೂ ಮೂರು ತಿಂಗಳು. ಹತ್ತು ದಿನ ಮಾಡಿ "ಏನೂ ಆಗಲಿಲ್ಲ" ಅನ್ನಬೇಡಿ. ಸೀನು ಬರುವ ಮೊದಲು, ಬಕೆಟ್ ಎತ್ತುವ ಮೊದಲು ಬಿಗಿ ಹಿಡಿಯೂದು ರೂಢಿ ಮಾಡಿಕೊಳ್ಳಿ.

ಮೂತ್ರ ಹೋಗ್ತಾ ಇರುವಾಗ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡಬೇಡಿ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಸೋಂಕು ಬರಬಹುದು. ತುಂಬಾ ಜನ ಬಿಗಿ ಹಿಡಿಯುವ ಬದಲು ಕೆಳಗೆ ಮುಕ್ಕುತ್ತಾರೆ, ಅದರಿಂದ ಕೆಡುಕೇ. ಒಂದು ಸಲವಾದ್ರೂ ಗೊತ್ತಿದ್ದವರ ಹತ್ತಿರ ಪರೀಕ್ಷೆ ಮಾಡಿಸಿಕೊಂಡು ಶುರು ಮಾಡಿ. ಕೆಳಹೊಟ್ಟೆ ನೋವು, ಗಂಡನ ಜೊತೆ ಸೇರುವಾಗ ನೋವು ಇರುವವರಿಗೆ ಎಷ್ಟೋ ಸಲ ಸ್ನಾಯು ಮೊದಲೇ ಬಿಗಿದಿರ್ತದೆ. ಹಾಗಿದ್ದವರಿಗೆ ಈ ವ್ಯಾಯಾಮ ಅಲ್ಲ, ಸಡಿಲಿಸೂದು ಕಲಿಸಬೇಕು.

ದೇವಿಮನೆ ತಿರುವು
ನನ್ನ ಗರ್ಭಕೋಶ 38ಕ್ಕೇ ತೆಗೆದ್ರು. ಬಿಳಿಮುಟ್ಟು ಜಾಸ್ತಿ ಇತ್ತು, "ಕ್ಯಾನ್ಸರ್ ಆಗಬಹುದು" ಅಂದ್ರು, ಹೆದರಿ ಸಹಿ ಹಾಕಿದೆ. ಅಂಡಾಶಯವನ್ನೂ ತೆಗೆದದ್ದು ಡಿಸ್ಚಾರ್ಜ್ ಹಾಳೆ ಓದಿದ ಮೇಲೆ ಗೊತ್ತಾಯ್ತು. ಮರುತಿಂಗಳಿಂದ ಮೈ ಉರಿ, ನಿದ್ದೆ ಇಲ್ಲ. ಈಗ 47, ಮೂಳೆ ಸವೆದಿದೆ ಅಂತಾರೆ. ಮೂತ್ರ ಸೋರೂದು ನಿಂತಿತಾ? ಇಲ್ಲ. ಅಕ್ಕೋರೇ, ಎರಡನೇ ಅಭಿಪ್ರಾಯ ತಗೊಳ್ಳದೆ ಸಹಿ ಹಾಕಬೇಡಿ.

ಬನವಾಸಿ ರಸ್ತೆ
ಎಲ್ಲ ಆಪರೇಷನ್ ಕೆಟ್ಟದ್ದು ಅಂತ ಹೆದರಿಸೂದೂ ಸರಿಯಲ್ಲ. ನನ್ನ ಅಮ್ಮನಿಗೆ ಪೂರ್ತಿ ಹೊರಗೆ ಬಂದಿತ್ತು, ಉಜ್ಜಿ ಗಾಯ ಆಗಿ ರಕ್ತ ಬರ್ತಿತ್ತು. ಆಪರೇಷನ್ ಮಾಡಿಸಿದ ಮೇಲೆ ಏಳು ವರ್ಷದಿಂದ ಆರಾಮ ಇದ್ದಾರೆ, ಧರ್ಮಸ್ಥಳಕ್ಕೆ ಹೋಗಿ ಬಂದ್ರು.

ನರ್ಸ್ ಬಾಯಿ (ಕಾರವಾರ)
ಇಬ್ಬರ ಮಾತೂ ಸರಿ. ಮೂರನೇ ನಾಲ್ಕನೇ ಹಂತಕ್ಕೆ, ಗಾಯ ಆಗಿದ್ರೆ, ಆಪರೇಷನ್ ಬೇಕಾಗಬಹುದು. ಆದ್ರೆ ಗರ್ಭಕೋಶ ಬರೇ ತೆಗೆದ್ರೆ ಸಾಲದು, ಇಳಿದ ಗೋಡೆಯನ್ನ ಎತ್ತಿ ಕಟ್ಟಬೇಕು. ಕಟ್ಟದಿದ್ರೆ ಕೆಲವು ವರ್ಷದಲ್ಲಿ ಯೋನಿಯ ಮೇಲ್ಭಾಗವೇ ಇಳಿದು ಬರಬಹುದು. ಯೋನಿಯ ಒಳಗಿಂದ ಜಾಳಿಗೆ (ಮೆಶ್) ಹಾಕ್ತೇವೆ ಅಂದ್ರೆ ಚೆನ್ನಾಗಿ ವಿಚಾರಿಸಿ. ಅಂಗ ಕೆಳಗೆ ಜಾರಿದ್ದಕ್ಕೆ ಹಾಗೆ ಹಾಕುವ ಜಾಳಿಗೆಯ ಮಾರಾಟವನ್ನ ಅಮೆರಿಕದಲ್ಲಿ 2019ರಲ್ಲಿ ನಿಲ್ಲಿಸಿದ್ದಾರೆ.

ಸುಮ್ಮಸುಮ್ಮನೆ ಗರ್ಭಕೋಶ ತೆಗೆಯೂದರ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿದೆ. ಕೇಂದ್ರ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನ ರಾಜ್ಯಗಳು ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಹೇಳಿತ್ತು. "ಬೇರೆ ಚಿಕಿತ್ಸೆ ಏನಿದೆ, ಅಂಡಾಶಯ ಉಳಿಸ್ತೀರಾ" ಅಂತ ಕೇಳೂದು ನಿಮ್ಮ ಹಕ್ಕು. ಕೇಳಿದ್ರೆ ಸಿಟ್ಟು ಬರುವ ಕಡೆ ಕತ್ತರಿಗೆ ಮೈ ಕೊಡಬೇಡಿ.

ನಮ್ಮ ನೆರೆಯ ಗೋವಾದ ಶಿರೋಡಾದಲ್ಲಿ 1899ರಲ್ಲಿ ಹುಟ್ಟಿದ ಡಾ. ವಿ. ಎನ್. ಶಿರೋಡ್ಕರ್ ಗೊತ್ತಲ್ಲ? ಗರ್ಭ ನಿಲ್ಲದವರಿಗೆ ಗರ್ಭಕಂಠಕ್ಕೆ ಹಾಕುವ ಹೊಲಿಗೆಗೆ ಅವರದ್ದೇ ಹೆಸರು. ಅವರು ಗರ್ಭಕೋಶ ಜಾರಿದ ಚಿಕ್ಕ ವಯಸ್ಸಿನವರಿಗೆ ತೆಗೆಯದೇ ಎತ್ತಿ ಕಟ್ಟುವ ಆಪರೇಷನ್ನನ್ನೂ ಮಾಡಿ ತೋರಿಸಿದ್ದರು. ಇಲ್ಲಿಂದ ಎರಡು ತಾಸಿನ ದಾರಿಯಲ್ಲಿ ಹುಟ್ಟಿದವರು ಅಷ್ಟು ಹಿಂದೆ ಉಳಿಸಿ ತೋರಿಸಿದ್ದನ್ನ ನಾವು ಈಗಲೂ ತೆಗೆಸಿಕೊಳ್ತಾ ಇದ್ದೇವೆ.

ಸದಾಶಿವಗಡ
ಉಳಿಸೂಕೆ ಹೋಗೂದೆಲ್ಲಿಗೆ ಅನ್ನೂದೇ ಪ್ರಶ್ನೆ. ಉತ್ತರ ಕನ್ನಡ ಜಿಲ್ಲೆಗೆ ಹನ್ನೆರಡು ತಾಲೂಕು, ಏನಾದ್ರೂ ಆದ್ರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ. 2022ರ ಜುಲೈಯಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲಿನಲ್ಲಿ ಮಗುಚಿದ ಮೇಲೆ ಆಸ್ಪತ್ರೆ ಬೇಕು ಅಂತ ಎಷ್ಟು ಕೂಗಿದ್ವಿ.

ದೇವಿಮನೆ ತಿರುವು
ದಾರಿಯನ್ನೂ ಹೇಳಿ. ಶಿರಸಿಯಿಂದ ಕುಮಟಾಕ್ಕೆ 60 ಕಿ.ಮೀ., ಘಟ್ಟದ ಗುಂಡಿಯಲ್ಲಿ ಬಸ್ಸು ಹಾರಿದಾಗೆಲ್ಲ ಸೋರ್ತದೆ. ಇಳಿದ್ರೆ ನಿಲ್ದಾಣದ ಶೌಚಾಲಯಕ್ಕೆ ಕಾಲಿಡೂಕೆ ಆಗೂದಿಲ್ಲ.

ಸದಾಶಿವಗಡ
ಟಿಕೆಟ್ ಉಚಿತ ಆಯ್ತು, ಹೋಗೂಕೆ ಜಾಗ ಇಲ್ಲ.

ನರ್ಸ್ ಬಾಯಿ (ಕಾರವಾರ)
ಆಸ್ಪತ್ರೆ ಹೋರಾಟ ಬೇಕು, ನಾನೂ ಬಂದಿದ್ದೆ. ಆದ್ರೆ ಈ ತೊಂದರೆಗೆ ದೊಡ್ಡ ಕಟ್ಟಡಕ್ಕೆ ಕಾಯಬೇಕಾಗಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಪರದೆ ಇರುವ ಒಂದು ಕೋಣೆ, ವಾರಕ್ಕೆ ಎರಡು ದಿನ ಹೆಂಗಸು ಫಿಸಿಯೋ, ನಾಲ್ಕೈದು ಅಳತೆಯ ರಿಂಗ್ ಸಾಕು. ಕಾರವಾರದ ವೈದ್ಯಕೀಯ ಕಾಲೇಜಿನಲ್ಲಿ ಸ್ತ್ರೀರೋಗ ವಿಭಾಗ ಇದೆ, ಅಲ್ಲಿ ತೋರಿಸಬಹುದು. ಭಟ್ಕಳ, ಸಿದ್ದಾಪುರದವರಿಗೆ ಅದೂ ನೂರು ಕಿ.ಮೀ. ಮೇಲೆ, ನಿಜ.

ಮಂಜುಗುಣಿ
ರಿಂಗ್ ಅಂದ್ರೆ?

ಅಘನಾಶಿನಿ ಮಗಳು
ಇದನ್ನ ನಾನು ಹೇಳ್ತೇನೆ. ಅಮ್ಮನಿಗೆ 68, ಬಿಪಿ, ಹೃದಯದ ತೊಂದರೆ, ಆಪರೇಷನ್ ಬೇಡ ಅಂದ್ರು. ಮೊದಲು ತೋರಿಸಿದ ಕಡೆ "ಹಾಗೇ ಇರಲಿ" ಅಂತ ಕಳಿಸಿದ್ರು. ಮಂಗಳೂರಿನಲ್ಲಿ ಒಬ್ಬ ಡಾಕ್ಟರಮ್ಮ ಪೆಸರಿ ಅಂತ ಹಾಕಿದ್ರು. ಸಿಲಿಕಾನಿನ ಬಳೆ, ಬಳೆಗಿಂತ ದಪ್ಪ, ಒತ್ತಿದ್ರೆ ಮಡಚಿಕೊಳ್ತದೆ. ಒಳಗೆ ಕೂತು ಜಾರುವುದನ್ನ ಮೇಲೆ ಎತ್ತಿ ಹಿಡೀತದೆ. ಮೊದಲ ಅಳತೆ ಕೆಮ್ಮಿದಾಗ ಜಾರಿತು, ಎರಡನೇದು ಸರಿಯಾಯ್ತು. ಒಳಗೆ ಹಚ್ಚೂಕೆ ಈಸ್ಟ್ರೋಜನ್ ಮುಲಾಮು ಕೊಟ್ಟಿದ್ದಾರೆ. ಅಮ್ಮ ವಾರಕ್ಕೊಂದು ರಾತ್ರಿ ತಾನೇ ತೆಗೆದು, ಸೋಪಿನಲ್ಲಿ ತೊಳೆದು, ಸ್ಟೀಲ್ ಡಬ್ಬಿಯಲ್ಲಿ ಇಟ್ಟು, ಬೆಳಿಗ್ಗೆ ಹಾಕ್ಕೊಳ್ತಾರೆ. ಆರು ತಿಂಗಳಿಗೊಮ್ಮೆ ತೋರಿಸಬೇಕು, ಮರೆತು ವರ್ಷಗಟ್ಟಲೆ ಬಿಟ್ರೆ ಗಾಯ ಆಗ್ತದೆ. ಮೊದಲ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದು ಬಂದು "ಕಾಲು ಹಗುರ ಆಯ್ತು" ಅಂದ್ರು.

ಕೈಗಾ ಹುಡುಗಿ
ನಂದು ಬೇರೆ ವಿಷಯ, ಇಲ್ಲೇ ಕೇಳ್ತೇನೆ. 23, ಮದುವೆ ಆಗಿಲ್ಲ. ಮುಟ್ಟಿನ ಎರಡು ದಿನ ನೆಲದ ಮೇಲೆ ಹೊರಳಾಡ್ತೇನೆ, ಕಕ್ಕಸಿಗೆ ಹೋಗುವಾಗಲೂ ಒಳಗೆ ಚುಚ್ಚಿದ ಹಾಗೆ. "ಮದುವೆ ಆದ್ರೆ ಸರಿ ಹೋಗ್ತದೆ" ಅಂದ್ರು.

ನರ್ಸ್ ಬಾಯಿ (ಕಾರವಾರ)
ಮದುವೆ ಇದಕ್ಕೆ ಮದ್ದಲ್ಲ ಮಗಾ. ಎಂಡೊಮೆಟ್ರಿಯೋಸಿಸ್ ಇರಬಹುದು, ಗರ್ಭಕೋಶದ ಒಳಪದರದಂಥದ್ದೇ ಹೊರಗೆ ಬೆಳೆಯೂದು. ಮುಟ್ಟಾಗುವ ವಯಸ್ಸಿನ ಹತ್ತರಲ್ಲಿ ಒಬ್ಬರಿಗೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ಮಾಮೂಲಿ ಸ್ಕ್ಯಾನಿನಲ್ಲಿ ಕಾಣದೆಯೂ ಇರಬಹುದು, "ಸ್ಕ್ಯಾನ್ ನಾರ್ಮಲ್" ಅಂದ್ರೆ ಅಲ್ಲಿಗೆ ಬಿಡಬೇಡ. ಕಾಲೇಜು ತಪ್ಪಿದ ದಿನ, ನುಂಗಿದ ಮಾತ್ರೆ ಎಲ್ಲ ಬರೆದು ತಗೊಂಡು ಹೋಗು. ನಿನ್ನದೇ ಬೇರೆ ಚರ್ಚೆ ಶುರು ಮಾಡು, ನಾನು ಬರ್ತೇನೆ.

ಎಲ್ಲರಿಗೂ ಇನ್ನೊಂದು: ಮುಟ್ಟು ನಿಂತ ಮೇಲೆ ರಕ್ತ ಕಂಡ್ರೆ, ಮೂತ್ರದಲ್ಲಿ ರಕ್ತ ಬಂದ್ರೆ, ಮೂತ್ರ ಕಟ್ಟಿಕೊಂಡ್ರೆ, ತೊಡೆಸಂದಿ ಮರಗಟ್ಟಿದ್ರೆ ವ್ಯಾಯಾಮ ಮಾಡ್ತಾ ಕೂರಬೇಡಿ. ಅದೇ ದಿನ ಹೋಗಿ.

ಕುಮಟಾ ಅಕ್ಕೋರು
ಐದು ವಾರ ಆಯ್ತು, ಏನಾಯ್ತು ಅಂತ ಹೇಳಬೇಕಲ್ಲ. ಬೇರೆ ಕಡೆ ತೋರಿಸಿದೆ. ಮಲಗಿಸಿ, ನಿಲ್ಲಿಸಿ, ಕೆಮ್ಮಿಸಿ ನೋಡಿದ್ರು. ಇಳಿದದ್ದು ಗರ್ಭಕೋಶ ಅಲ್ಲ, ಮೂತ್ರಕೋಶದ ಗೋಡೆ, ಎರಡನೇ ಹಂತ. ತೆಗೆಸುವ ಮಾತೇ ಇಲ್ಲ ಅಂದ್ರು. ನಾನು ಬಿಗಿ ಹಿಡಿತಿದ್ದೇನೆ ಅಂದ್ಕೊಂಡು ಕೆಳಗೆ ಮುಕ್ಕುತ್ತಿದ್ದೆ, ಫಿಸಿಯೋ ತಂಗಿ ಹೇಳಿದ ಹಾಗೇ. ಅದನ್ನ ತಿದ್ದಿ ಕೊಟ್ಟರು. ಸೋರೂದು ನಿಂತಿಲ್ಲ. ಮೊದಲು ದಿನಕ್ಕೆ ಮೂರು ಪ್ಯಾಡ್, ಈಗ ಒಂದು. ಶಾಲೆಗೆ ನೀರಿನ ಬಾಟಲಿ ತಗೊಂಡು ಹೋಗ್ತಿದ್ದೇನೆ. ಹೆಡ್ ಮಾಸ್ತರರಿಗೆ ಹೇಳಿ ಶಿಕ್ಷಕಿಯರ ಶೌಚಾಲಯದ ಚಿಲಕ ರಿಪೇರಿ ಮಾಡಿಸಿದೆ, ಎರಡು ವರ್ಷದಿಂದ ಮುರಿದಿತ್ತು.

ಬೈತಖೋಲ್
ಅಮ್ಮನ ಹತ್ತಿರ ಅಕ್ಕ ಕೇಳಿದಳು. ಹೌದಂತೆ, ಒಂಬತ್ತು ವರ್ಷ. ಈಗ ಬುಟ್ಟಿ ನಾನೇ ಸ್ಕೂಟರಿನಲ್ಲಿ ಇಟ್ಟು ಬಿಟ್ಟು ಬರ್ತಿದ್ದೇನೆ. ಮುಂದಿನ ವಾರ ತೋರಿಸ್ತೇವೆ.

ಸೀಮೆ ಸೊಸೆ
ಅತ್ತೆಯನ್ನ ನಿನ್ನೆ ಕೇಳಿದೆ. ಅಡಿಕೆ ಸುಲೀತಾ ಕೂತಿದ್ವಿ, ಮೆಟ್ಟುಗತ್ತಿಯ ಮೇಲಿಂದ ಕಣ್ಣು ತೆಗೀದೆ "ನಿಂಗೆ ಯಾರು ಹೇಳಿದ್ದು?" ಅಂತು. "ನೀವೇ ಹೇಳಿದ್ದು, ಗದ್ದೆಯಿಂದ ಬಂದ ದಿನ" ಅಂದೆ. ಸುಮಾರು ಹೊತ್ತು ಮಾತಿಲ್ಲ. ಆಮೇಲೆ ಒಳಗೆ ಹೋಗಿ ಒಂದು ಹಳೇ ಕೈಚೀಲ ತಂದು ನನ್ನ ಮುಂದೆ ಇಟ್ಟಿತು. ಮಾವನ ಹಳೇ ಪಂಚೆ ಹರಿದು, ಅಂಚು ಹೊಲಿದು, ಒಂದೇ ಅಳತೆಗೆ ಮಡಚಿಟ್ಟ ತುಂಡುಗಳು. ಇಪ್ಪತ್ತರ ಮೇಲಿತ್ತು. ಸೋಮವಾರ ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಡ್ತೇವೆ.

ಆಶಾ ಕಾರ್ಯಕರ್ತೆ (ಅಂಕೋಲಾ)
ಆಯುಷ್ಮಾನ್ ಕಾರ್ಡು, ಹಳೇ ಚೀಟಿ ಎಲ್ಲ ತಗೊಳ್ಳಿ. ಒಳಗೆ ಹೋಗುವಾಗ ಅತ್ತೆಯ ಜೊತೆ ನೀವೂ ಹೋಗಿ, ಅವರು "ಸೊಂಟ ನೋವು" ಅಂತ ಹೇಳಿ ವಾಪಸ್ ಬಂದುಬಿಡ್ತಾರೆ.